ಪ್ಯಾಕ್‌ನೊಳಗಿನ ಬಿಡಿ ಬೆಲೆ

ಹಲವು ಸೇವೆಗಳನ್ನು ಒಟ್ಟು ಸೇರಿಸಿ ಒಂದೇ ಬೆಲೆಗೆ ಮಾರುವುದಕ್ಕೆ ಟಿವಿ, ಮೊಬೈಲ್ ಮತ್ತು ಒಟಿಟಿ ವ್ಯವಹಾರದಲ್ಲಿ ಪ್ಯಾಕ್ ಎಂಬ ಹೆಸರು ನಿಂತುಹೋಗಿದೆ. ಕೇಬಲ್‌ನವರ ಕನ್ನಡ ಪ್ಯಾಕ್, ಮೊಬೈಲ್‌ನ 84 ದಿನಗಳ ಪ್ಯಾಕ್, ಫೈಬರ್ ಇಂಟರ್ನೆಟ್ ಜತೆ ಬರುವ ಒಟಿಟಿ ಪ್ಯಾಕ್ ಎಲ್ಲವೂ ಇದೇ ಜಾತಿಯವು. ಇವುಗಳೊಳಗಿನ ಕೆಲವು ಸೇವೆಗಳು ಬಿಡಿಯಾಗಿಯೂ ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಗ್ರಾಹಕನ ಕೈಯಲ್ಲಿ ಆಯ್ಕೆ ಎಷ್ಟಿದೆ ಎಂದು ತಿಳಿಯಲು ಪ್ಯಾಕ್‌ನ ಬೆಲೆ ನೋಡಿದರೆ ಸಾಲದು. ತನಗೆ ಬೇಕಾದ ಒಂದೇ ಒಂದು ಚಾನೆಲ್ ಅಥವಾ ಸೇವೆ ಬಿಡಿಯಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನೂ ನೋಡಬೇಕು.

ಪ್ಯಾಕ್ ಮಾರಾಟ ಲಾಭದಾಯಕ ಏಕೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲಿ ವಿವರಿಸಿದರು. ಅಮೆರಿಕದ ಸಿನಿಮಾ ಕಂಪನಿಗಳು ಒಳ್ಳೆಯ ಚಿತ್ರದ ಜತೆ ಸಾಧಾರಣ ಚಿತ್ರಗಳನ್ನೂ ಸೇರಿಸಿ ಒಟ್ಟಿಗೆ ಮಾರುತ್ತಿದ್ದವು. ಚಿತ್ರಮಂದಿರಗಳ ವಿಷಯದಲ್ಲಿ 1948ರಲ್ಲಿ, ಟಿವಿ ಕೇಂದ್ರಗಳ ವಿಷಯದಲ್ಲಿ 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ತಡೆಯಿತು. ಸ್ಟಿಗ್ಲರ್ ಕೇಳಿದ್ದು, ಈ ಕಂಪನಿಗಳಿಗೆ ಇದರಿಂದ ಸಿಗುತ್ತಿದ್ದ ಹೆಚ್ಚುವರಿ ಲಾಭವಾದರೂ ಏನು ಎಂದು.

ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಒಂದು ಮನೆಯವರು ಧಾರಾವಾಹಿಯ ಚಾನೆಲ್‌ಗೆ ತಿಂಗಳಿಗೆ 40 ರೂಪಾಯಿ, ಕ್ರೀಡಾ ಚಾನೆಲ್‌ಗೆ 10 ರೂಪಾಯಿ ಕೊಡಲು ಸಿದ್ಧರಿದ್ದಾರೆ ಎನ್ನೋಣ. ಪಕ್ಕದ ಮನೆಯವರು ಧಾರಾವಾಹಿಗೆ 15, ಕ್ರೀಡೆಗೆ 45 ಕೊಡಬಲ್ಲರು. ಬಿಡಿಯಾಗಿ ಮಾರಿದರೆ ಕಂಪನಿ ಹೆಚ್ಚೆಂದರೆ ಮೊದಲ ಮನೆಯಿಂದ 40, ಎರಡನೆಯದರಿಂದ 45, ಒಟ್ಟು 85 ರೂಪಾಯಿ ಗಳಿಸುತ್ತದೆ. ಎರಡನ್ನೂ ಸೇರಿಸಿ 50 ರೂಪಾಯಿಗೆ ಕೊಟ್ಟರೆ ಎರಡೂ ಮನೆಗಳು ಕೊಳ್ಳುತ್ತವೆ, 100 ರೂಪಾಯಿ ಬರುತ್ತದೆ. ಇನ್ನೊಂದು ಮನೆಗೆ ಚಾನೆಲ್ ತಲುಪಿಸಲು ಕಂಪನಿಗೆ ಹೆಚ್ಚು ಖರ್ಚೇನೂ ಇಲ್ಲ. ಎರಡನೆಯ ಮನೆಗೂ 60 ರೂಪಾಯಿ ಬಾಳುವುದು 50ಕ್ಕೆ ಸಿಕ್ಕಿತು. ಇಲ್ಲಿ ಯಾರಿಗೂ ಮೋಸವಾಗಿಲ್ಲ. ಪ್ಯಾಕ್ ಎಂದರೆ ಸುಲಿಗೆ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ತೊಂದರೆ ಮೂರನೆಯ ಮನೆಯದು. ಅಲ್ಲಿ ಒಬ್ಬರೇ ವಯಸ್ಸಾದವರು, ಕ್ರೀಡೆ ನೋಡುವುದೇ ಇಲ್ಲ. ಧಾರಾವಾಹಿಗೆ 40 ರೂಪಾಯಿ ಕೊಟ್ಟಾರು, ಅದಕ್ಕಿಂತ ಹೆಚ್ಚು ಆಗದು. ಬಿಡಿ ಬೆಲೆ 40 ಇದ್ದರೆ ಅವರಿಗೂ ಚಾನೆಲ್ ಸಿಗುತ್ತದೆ. ಆದರೆ ಆ ಬೆಲೆ 39ಕ್ಕೆ ಇಳಿದ ಕೂಡಲೇ ಮೊದಲ ಮನೆಯವರೂ ಪ್ಯಾಕ್ ಬಿಟ್ಟು ಬಿಡಿ ಚಾನೆಲ್ ಹಿಡಿಯುತ್ತಾರೆ, 50 ಬರುತ್ತಿದ್ದ ಕಡೆ ಕಂಪನಿಗೆ 39 ಬರುತ್ತದೆ. ಯಾವ ಮನೆ ಎಷ್ಟು ಕೊಡಬಲ್ಲದು ಎಂಬುದು ಕಂಪನಿಗೆ ಕರಾರುವಾಕ್ಕಾಗಿ ಗೊತ್ತಿರುವುದಿಲ್ಲ. ಅದಕ್ಕೇ ಅದು ಬಿಡಿ ಬೆಲೆಯನ್ನು 48ಕ್ಕೋ 49ಕ್ಕೋ ಏರಿಸಿ, ಪ್ಯಾಕ್‌ಗೆ ಒತ್ತಿಕೊಂಡೇ ಇಡುತ್ತದೆ. ಬಿಡಿಯಾಗಿ ಕೊಳ್ಳುವ ಅವಕಾಶ ಕಾಗದದ ಮೇಲೆ ಉಳಿಯುತ್ತದೆ, ಮೂರನೆಯ ಮನೆಯವರು ಹೊರಗುಳಿಯುತ್ತಾರೆ. ಟಿವಿಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಯಾರೂ ಕೇಳಿ ಹಾಕಿಸಿಕೊಳ್ಳದ ಚಾನೆಲ್ ಪ್ಯಾಕ್‌ನಲ್ಲಿದ್ದರೆ ಲಕ್ಷಾಂತರ ಮನೆಗಳನ್ನು ತಲುಪಿದ ಲೆಕ್ಕ ಸಿಗುತ್ತದೆ, ಆ ಲೆಕ್ಕ ತೋರಿಸಿ ಜಾಹೀರಾತು ತರಬಹುದು.

ಭಾರತದಲ್ಲಿ ಈ ಪ್ರಶ್ನೆಗೆ ಗಟ್ಟಿಯಾದ ಕಾನೂನಿನ ರೂಪ ಕೊಟ್ಟದ್ದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರ ಮಾರ್ಚ್‌ನಲ್ಲಿ ಹೊರಡಿಸಿದ ದರ ಆದೇಶ. ಪ್ರತಿ ಪಾವತಿ ಚಾನೆಲ್‌ಗೂ ಬಿಡಿ ಬೆಲೆ ಪ್ರಕಟಿಸಬೇಕು, ಗ್ರಾಹಕ ಕೇಳಿದರೆ ಬಿಡಿಯಾಗಿಯೇ ಕೊಡಬೇಕು, 19 ರೂಪಾಯಿಗಿಂತ ದುಬಾರಿಯಾದ ಚಾನೆಲನ್ನು ಪ್ಯಾಕ್‌ಗೆ ಸೇರಿಸಬಾರದು ಎಂಬುದು ಅದರ ತಿರುಳು. ಪ್ರಸಾರ ಕಂಪನಿಗಳು ಮದ್ರಾಸ್ ಹೈಕೋರ್ಟ್‌ಗೆ ಹೋದವು. ಪ್ಯಾಕ್‌ಗೆ ಶೇ 15ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ ಎಂಬ ಷರತ್ತನ್ನು ಹೈಕೋರ್ಟ್ ಒಪ್ಪಲಿಲ್ಲ. ಉಳಿದ ಚೌಕಟ್ಟನ್ನು 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರ ಫೆಬ್ರುವರಿಯಿಂದ ಮನೆಮನೆಯ ಬಿಲ್ಲು ಬದಲಾಯಿತು.

ಆ ಬಿಲ್ಲಿನ ಲೆಕ್ಕ ಹೀಗಿತ್ತು. ಯಾವ ಚಾನೆಲ್ ನೋಡಿದರೂ, ನೋಡದಿದ್ದರೂ, 100 ಚಾನೆಲ್‌ಗಳ ಸಂಪರ್ಕ ಶುಲ್ಕವೆಂದು 130 ರೂಪಾಯಿವರೆಗೆ ವಸೂಲಿ ಮಾಡಬಹುದಿತ್ತು. ಶೇ 18 ಜಿಎಸ್‌ಟಿ ಸೇರಿ ಅದು 153 ರೂಪಾಯಿ 40 ಪೈಸೆ. 19 ರೂಪಾಯಿಯ ಎರಡು ಚಾನೆಲ್ ಮಾತ್ರ ಬೇಕೆಂದರೆ ತೆರಿಗೆ ಸೇರಿ ಇನ್ನು 44 ರೂಪಾಯಿ 84 ಪೈಸೆ, ಒಟ್ಟು 198 ರೂಪಾಯಿ 24 ಪೈಸೆ. ಅಂದರೆ ಎರಡೇ ಚಾನೆಲ್ ನೋಡುವ ಮನೆಯ ಬಿಲ್ಲಿನ ಮುಕ್ಕಾಲು ಪಾಲು ಬರಿಯ ಸಂಪರ್ಕ ಶುಲ್ಕ. ನೂರು ದಾಟಿದರೆ ಪ್ರತಿ 25 ಚಾನೆಲ್‌ಗೆ 20 ರೂಪಾಯಿವರೆಗೆ ಹೆಚ್ಚು ಬೀಳುತ್ತಿತ್ತು. ಒಂದು ಎಚ್‌ಡಿ ಚಾನೆಲ್ ಎರಡು ಸಾಮಾನ್ಯ ಚಾನೆಲ್‌ಗೆ ಸಮ. ಕಡಿಮೆ ನೋಡುವವರಿಗೆ ಉಳಿತಾಯವಾಗಲೆಂದು ಬಂದ ಆದೇಶದಲ್ಲಿ ಕಡಿಮೆ ನೋಡುವವರ ಮೇಲೆಯೇ ಈ ನಿಗದಿತ ಶುಲ್ಕದ ಭಾರ ಹೆಚ್ಚು ಬಿದ್ದದ್ದು ಅದರ ದೊಡ್ಡ ಕೊರತೆ.

ಈ ಅಂಕಣಕಾರರ ಮನೆಗೂ ಆ ದಿನಗಳಲ್ಲಿ ಕೇಬಲ್ ಹುಡುಗ ಒಂದು ಜೆರಾಕ್ಸ್ ಹಾಳೆ ಕೊಟ್ಟುಹೋಗಿದ್ದ. ಮುಂಬದಿಯಲ್ಲಿ ದಪ್ಪಕ್ಷರದ ಪ್ಯಾಕ್‌ಗಳು, ಹಿಂಬದಿಯಲ್ಲಿ ಬಿಡಿ ಚಾನೆಲ್‌ಗಳ ಉದ್ದನೆಯ ಪಟ್ಟಿ, ಅಲ್ಲಲ್ಲಿ ಶಾಯಿ ಹರಡಿ ದರವೇ ಓದಲಾಗದ ಸಾಲುಗಳು. ಮನೆಯ ಪ್ರತಿಯೊಬ್ಬರೂ ಹಿಂಬದಿಯ ಪಟ್ಟಿಯಲ್ಲಿ, ತಮ್ಮ ಕೈಯಿಂದ ಹತ್ತೊಂಬತ್ತು ರೂಪಾಯಿ ಕೊಟ್ಟಾದರೂ ನೋಡುವೆ ಎನ್ನುವ ಚಾನೆಲ್‌ಗೆ ಮಾತ್ರ ಪೆನ್ಸಿಲ್ ಗುರುತು ಹಾಕಬೇಕೆಂದು ಮಾತಾಯಿತು. ಹಿರಿಯರ ಸಂಜೆಯ ಧಾರಾವಾಹಿಗೆ ಎರಡು, ಹಳೆಯ ಸಿನಿಮಾಗೆ ಒಂದು, ಮಕ್ಕಳಿಗೆ ಒಂದು, ಕ್ರಿಕೆಟ್‌ಗೆ ಒಂದು, ಹೀಗೆ ಐದಕ್ಕೆ ನಿಂತಿತು. ಮನೆಯವರು ನೋಡುತ್ತಿದ್ದ ಕನ್ನಡ ಸುದ್ದಿ ವಾಹಿನಿಗಳು ಉಚಿತ ಪಟ್ಟಿಯಲ್ಲೇ ಇದ್ದವು. ಐದಕ್ಕೂ ಗರಿಷ್ಠ ಬೆಲೆ ಹಿಡಿದು ತೆರಿಗೆ, ಸಂಪರ್ಕ ಶುಲ್ಕ ಸೇರಿಸಿದರೆ 265 ರೂಪಾಯಿ 50 ಪೈಸೆ. ಮುಂಬದಿಯ ಕನ್ನಡ ಪ್ಯಾಕ್ ಇದಕ್ಕಿಂತ ಸ್ವಲ್ಪವೇ ಹೆಚ್ಚು, ಅದರಲ್ಲಿ ಹತ್ತಾರು ಚಾನೆಲ್ ಅಧಿಕ. ಬಿಡಿ ಬೆಲೆಯನ್ನು ಪ್ಯಾಕ್‌ಗೆ ಒತ್ತಿಕೊಂಡಂತೆ ಇಡುವುದು ಎಂದರೇನು ಎಂಬುದು ಆ ಒಂದೇ ಹಾಳೆಯ ಎರಡು ಬದಿಗಳಲ್ಲಿ ಕಾಣುತ್ತಿತ್ತು.

ಆದರೂ ಆ ಮನೆಯವರು ಬಿಡಿಯಾಗಿಯೇ ಹಾಕಿಸಿಕೊಂಡರು, ಅದಕ್ಕೆ ಕಾರಣವಿತ್ತು. ಬಿಡಿ ಚಾನೆಲನ್ನು ಬೇಕಾದಾಗ ಬಿಡಬಹುದು. ಮೆಚ್ಚಿನ ಧಾರಾವಾಹಿ ಮುಗಿದ ಮೇಲೆ ಆ ಚಾನೆಲ್ ತೆಗೆಸಿದಾಗ ಬಿಲ್ಲು 22 ರೂಪಾಯಿ 42 ಪೈಸೆ ಇಳಿಯಿತು. ಪ್ಯಾಕ್‌ನಲ್ಲಿದ್ದು ನೋಡುವುದನ್ನು ನಿಲ್ಲಿಸಿದರೆ ಬಿಲ್ಲು ಒಂದು ಪೈಸೆಯೂ ಇಳಿಯದು. ಹಣಕಾಸಿನ ದೃಷ್ಟಿಯಿಂದ ಈ ಸ್ವಾತಂತ್ರ್ಯಕ್ಕೂ ಬೆಲೆ ಕಟ್ಟಬೇಕು.

ಬಿಡಿ ಬೆಲೆಗೂ ಪ್ಯಾಕ್ ಬೆಲೆಗೂ ಇರಬೇಕಾದ ಅಂತರವೇ ಮುಂದಿನ ವರ್ಷಗಳ ಜಗಳದ ಮೂಲ. ಪ್ಯಾಕ್‌ಗಳ ಮೇಲೆ ಶೇ 70ರವರೆಗೆ ರಿಯಾಯಿತಿ ಕೊಡಲಾಗುತ್ತಿದೆ ಎಂದು ಟ್ರಾಯ್ 2019ರ ಆಗಸ್ಟ್‌ನ ತನ್ನ ಸಮಾಲೋಚನಾ ಪತ್ರದಲ್ಲಿ ಹೇಳಿತು. ನೂರು ರೂಪಾಯಿಯ ಬಿಡಿ ಚಾನೆಲ್‌ಗಳು ಒಟ್ಟಾದರೆ ಮೂವತ್ತಕ್ಕೇ ಸಿಗುತ್ತವೆ ಎಂದಾದರೆ, ಆ ನೂರು ನಿಜವಾದ ಬೆಲೆಯಲ್ಲ, ಜನರನ್ನು ಪ್ಯಾಕ್‌ನತ್ತ ತಳ್ಳಲು ಬರೆದ ಅಂಕಿ. 2020ರ ಜನವರಿ 1ರ ತಿದ್ದುಪಡಿಯಲ್ಲಿ ಟ್ರಾಯ್ ಎರಡು ಬಿಗಿ ಹಾಕಿತು: ಪ್ಯಾಕ್‌ಗೆ ಸೇರುವ ಚಾನೆಲ್‌ನ ಬಿಡಿ ಬೆಲೆ 12 ರೂಪಾಯಿ ಮೀರಬಾರದು, ಬಿಡಿ ಬೆಲೆಗಳ ಮೊತ್ತ ಪ್ಯಾಕ್ ಬೆಲೆಯ ಒಂದೂವರೆ ಪಟ್ಟು ದಾಟಬಾರದು. ಬಾಂಬೆ ಹೈಕೋರ್ಟ್ 2021ರ ಜೂನ್‌ನಲ್ಲಿ ಇದನ್ನು ಬಹುಮಟ್ಟಿಗೆ ಒಪ್ಪಿತು. ಆಗ ಪ್ರಸಾರ ಕಂಪನಿಗಳು ಜನಪ್ರಿಯ ಚಾನೆಲ್‌ಗಳಿಗೆ 12ಕ್ಕಿಂತ ಹೆಚ್ಚು ಬೆಲೆ ಘೋಷಿಸಿ, ಪ್ಯಾಕ್‌ನಿಂದಲೇ ಹೊರಗಿಡುವುದಾಗಿ ತಿಳಿಸಿದವು. ಹಾಗಾಗಿದ್ದರೆ ಸಾಮಾನ್ಯ ಮನೆಯ ಬಿಲ್ಲು ಏರುತ್ತಿತ್ತು. 2022ರ ನವೆಂಬರ್‌ನಲ್ಲಿ ಟ್ರಾಯ್ ಮಿತಿಯನ್ನು ಮತ್ತೆ 19ಕ್ಕೆ ತಂದು, ಪ್ಯಾಕ್ ರಿಯಾಯಿತಿಯನ್ನು ಶೇ 45ಕ್ಕೆ ಕಟ್ಟಿಹಾಕಿತು. 2023ರ ಫೆಬ್ರುವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ ದೊಡ್ಡ ಪ್ರಸಾರ ಕಂಪನಿಗಳು ಕೆಲವು ದಿನ ಸಿಗ್ನಲ್ಲನ್ನೇ ನಿಲ್ಲಿಸಿದವು. 2024ರ ಜುಲೈನಲ್ಲಿ ಸಂಪರ್ಕ ಶುಲ್ಕದ ಮಿತಿಯನ್ನೂ ತೆಗೆದು ಕಂಪನಿಗಳ ವಿವೇಚನೆಗೆ ಬಿಡಲಾಯಿತು. ಹಾಗಾಗಿ 130 ರೂಪಾಯಿಯ ಹಳೆಯ ಲೆಕ್ಕ ಈಗ ಎಲ್ಲೆಡೆಗೂ ಹೊಂದುವುದಿಲ್ಲ, ತಮ್ಮ ಬಿಲ್ಲಿನಲ್ಲಿ ಆ ಸಾಲು ಎಷ್ಟಿದೆ ಎಂದು ನೋಡಿಯೇ ಹೇಳಬೇಕು. ಶೇ 45ರ ಮಿತಿ ಮಾತ್ರ ಇಂದಿಗೂ ಕೆಲಸಕ್ಕೆ ಬರುವ ಅಳತೆ: ಪ್ರಸಾರ ಕಂಪನಿಯ ಪ್ಯಾಕ್‌ನಲ್ಲಿರುವ ಚಾನೆಲ್‌ಗಳ ಬಿಡಿ ಬೆಲೆಗಳ ಮೊತ್ತ 100 ರೂಪಾಯಿ ಇದ್ದರೆ ಆ ಪ್ಯಾಕ್ 55ಕ್ಕಿಂತ ಅಗ್ಗವಾಗಿರದು. ಒಂದು ಮನೆಗೆ ಬೇಕಾದ ಚಾನೆಲ್‌ಗಳ ಬಿಡಿ ಮೊತ್ತ 55ಕ್ಕಿಂತ ಕಡಿಮೆ ಇದ್ದರೆ ಬಿಡಿಯೇ ಲಾಭ. ತಿಂಗಳ ಶುಲ್ಕವೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಡಿಶ್, ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಚಂದನ ಮತ್ತು ಇತರ ಉಚಿತ ಚಾನೆಲ್‌ಗಳು ಬರುತ್ತವೆ.

ಮೊಬೈಲ್ ರೀಚಾರ್ಜ್‌ನಲ್ಲಿ ಅನ್ಯಾಯ ಇನ್ನೂ ಸ್ಪಷ್ಟ. ಅಂಕಣಕಾರರ ತಾಯಿ ಊರಿನಲ್ಲಿ ಬಳಸುವುದು ಕೀಪ್ಯಾಡ್ ಫೋನ್. ಅದರಲ್ಲಿ ಇಂಟರ್ನೆಟ್ ಇಲ್ಲ, ಆದರೆ ವರ್ಷಗಟ್ಟಲೆ ಅವರ ರೀಚಾರ್ಜ್‌ನಲ್ಲಿ ಡೇಟಾ ಸೇರಿಕೊಂಡೇ ಬಂತು. ಕರೆಗೆ ಮಾತ್ರ ಹಣ ಕೊಡುವ ದಾರಿ ಅಂಗಡಿಯವನ ಪಟ್ಟಿಯಲ್ಲಿ ಇರಲೇ ಇಲ್ಲ. ಟ್ರಾಯ್ 2024ರ ಡಿಸೆಂಬರ್ 23ರ ತಿದ್ದುಪಡಿಯಲ್ಲಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಒಂದಾದರೂ ವಿಶೇಷ ವೋಚರನ್ನು ಪ್ರತಿ ಕಂಪನಿಯೂ ಕೊಡಬೇಕೆಂದು ವಿಧಿಸಿತು, ಅವಧಿಯನ್ನು 365 ದಿನಗಳವರೆಗೆ ಹಿಗ್ಗಿಸಿತು. ಹಿರಿಯರು, ಹಳ್ಳಿಯವರು, ಮನೆಯಲ್ಲಿ ವೈಫೈ ಇದ್ದು ಎರಡನೆಯ ಸಿಮ್ ಇಟ್ಟುಕೊಂಡವರು ಎಲ್ಲರಿಗೂ ಇದು ಬೇಕಾಗಿದ್ದ ತಿದ್ದುಪಡಿ. ಆದರೆ ಇಲ್ಲಿಯೂ ವೋಚರ್ ಇಡಬೇಕೆಂಬ ನಿಯಮವಿದೆಯೇ ಹೊರತು ಬೆಲೆ ಇಷ್ಟೇ ಇರಬೇಕೆಂಬ ನಿಯಮವಿಲ್ಲ. ರೀಚಾರ್ಜ್ ಮೊತ್ತವನ್ನು ದಿನಗಳಿಂದ ಭಾಗಿಸಿ, ಡೇಟಾ ಇರುವ ಪ್ಯಾಕ್‌ನ ದಿನದ ಬೆಲೆಯ ಪಕ್ಕಕ್ಕೆ ಇಟ್ಟು ನೋಡಬೇಕು. ಅಂಗಡಿಯವರು ಸಾಮಾನ್ಯವಾಗಿ ತಾವಾಗಿ ಈ ವೋಚರ್ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ಒಟಿಟಿಯಲ್ಲಿ ಬಿಡಿ ಬೆಲೆ ಪ್ರಕಟಿಸಿ ಎನ್ನುವ ದರ ಆದೇಶವೇ ಇಲ್ಲ. ಫೈಬರ್ ಅಥವಾ ಮೊಬೈಲ್ ಪ್ಲಾನ್ ಜತೆ ಇಂತಿಷ್ಟು ಒಟಿಟಿ ಉಚಿತ ಎಂದಿರುತ್ತದೆ. ಅದರ ನಿಜವಾದ ಬೆಲೆ ತಿಳಿಯಲು ಅದೇ ಕಂಪನಿಯಲ್ಲಿ ಅಷ್ಟೇ ವೇಗ, ಅಷ್ಟೇ ಅವಧಿಯ, ಒಟಿಟಿ ಇಲ್ಲದ ಪ್ಲಾನ್ ಹುಡುಕಬೇಕು. ಎರಡರ ವ್ಯತ್ಯಾಸವೇ ಒಟಿಟಿಗೆ ಕೊಡುತ್ತಿರುವ ಹಣ. ಹಾಗೆ ದೊರೆಯುವ ಚಂದಾ ಹಲವು ವೇಳೆ ಮೊಬೈಲ್‌ನಲ್ಲಿ ಮಾತ್ರ ಓಡುತ್ತದೆ, ಟಿವಿಯಲ್ಲಿ ಓಡದು. ಒಂದೇ ಸೇವೆ ಫೈಬರ್ ಪ್ಲಾನ್‌ನಲ್ಲೊಮ್ಮೆ, ಮಗಳ ಮೊಬೈಲ್ ಪ್ಯಾಕ್‌ನಲ್ಲೊಮ್ಮೆ, ಕಾರ್ಡ್‌ನಿಂದ ನೇರವಾಗಿ ಇನ್ನೊಮ್ಮೆ ಮನೆಗೆ ಬರುತ್ತಿರುವುದೂ ಉಂಟು. ವಾರ್ಷಿಕ ಚಂದಾ ಕೂಡ ಒಂದು ಬಗೆಯ ಪ್ಯಾಕ್, ಅಲ್ಲಿ ಕಟ್ಟಿ ಮಾರುವುದು ತಿಂಗಳುಗಳನ್ನು. ಐಪಿಎಲ್‌ಗಾಗಿ ಮಾತ್ರ ಚಂದಾ ಹಾಕುವ ಮನೆ ಬೇಸಿಗೆಯ ಆಚಿನ ತಿಂಗಳುಗಳಿಗೂ ದುಡ್ಡು ಕಟ್ಟಬೇಕೇ ಎಂದು ಕೇಳಿಕೊಳ್ಳಬೇಕು.

ಪ್ಯಾಕ್‌ನ ಬೆಲೆ ಹಾಗೆಯೇ ಇದ್ದು ಒಳಗಿನದು ಬದಲಾಗುವುದೂ ಉಂಟು. ಅಮೆಜಾನ್ ಪ್ರೈಮ್ 2016ರಲ್ಲಿ ವರ್ಷಕ್ಕೆ 499 ರೂಪಾಯಿಗೆ ಆರಂಭವಾಯಿತು, ಬಳಿಕ 999, 2021ರ ಡಿಸೆಂಬರ್‌ನಿಂದ 1,499 ಆಯಿತು. 2025ರ ಜೂನ್‌ನಲ್ಲಿ ಆ ಬೆಲೆ ಹಾಗೆಯೇ ಇದ್ದು ಅದರ ವಿಡಿಯೊಗಳ ನಡುವೆ ಜಾಹೀರಾತು ಸೇರಿತು, ಜಾಹೀರಾತು ಬೇಡವೆಂದವರು ವರ್ಷಕ್ಕೆ 699 ರೂಪಾಯಿ ಪ್ರತ್ಯೇಕ ಕೊಡಬೇಕಾಯಿತು. ಚಂದಾದಾರ ಮೊದಲು ಕೊಂಡ ಸೇವೆಯ ಒಂದು ಗುಣವೇ ಹೊರಗೆ ಬಂದು ಬೇರೆ ಬೆಲೆಗೆ ನಿಂತಿತು. ವರ್ಷಕ್ಕೊಮ್ಮೆ ನವೀಕರಿಸುವಾಗ ಹಿಂದಿನ ವರ್ಷ ಏನು ಸಿಗುತ್ತಿತ್ತು ಎಂಬುದನ್ನು ನೆನೆದು ಹೋಲಿಸುವುದು ಇದಕ್ಕಾಗಿಯೇ ಅಗತ್ಯ.

ಕಂಪನಿಗಳು ಒಂದಾದಂತೆ ಹೋಲಿಸಲು ಇರುವ ಬಿಡಿ ಬೆಲೆಗಳೂ ಕಡಿಮೆಯಾಗುತ್ತವೆ. ರಿಲಯನ್ಸ್ ಮತ್ತು ಡಿಸ್ನಿಯ ಮಾಧ್ಯಮ ವ್ಯವಹಾರಗಳು 2024ರ ನವೆಂಬರ್‌ನಲ್ಲಿ ವಿಲೀನವಾದ ಮೇಲೆ, ಪೈಪೋಟಿಯಲ್ಲಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸಮೂಹಕ್ಕೆ ಸೇರಿದವು. ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಒಂದೇ ಆ್ಯಪ್ ಆದವು. ವಿಲೀನಕ್ಕೆ ಒಪ್ಪಿಗೆ ಪಡೆಯುವಾಗ ಈ ಕಂಪನಿಗಳು ಸ್ಪರ್ಧಾ ಆಯೋಗದ ಮುಂದೆ, ಬೇರೆ ಬೇರೆ ಕ್ರಿಕೆಟ್ ಟೂರ್ನಿಗಳ ಜಾಹೀರಾತು ಸಮಯವನ್ನು ಒಟ್ಟು ಕಟ್ಟಿ ಮಾರುವುದಿಲ್ಲ ಎಂದು ಒಪ್ಪಿಕೊಂಡವು. ಜಾಹೀರಾತುದಾರರಿಗೆ ಸಿಕ್ಕ ಆ ರಕ್ಷಣೆ ಕ್ರಿಕೆಟ್ ಮಾತ್ರ ಬೇಕಾದ, ಅಥವಾ ಕನ್ನಡ ಮಾತ್ರ ಬೇಕಾದ ವೀಕ್ಷಕರಿಗೂ ಸಿಗಬೇಕಿತ್ತು.

ಬಿಡುವ ದಾರಿಯೂ ತಿಳಿದಿರಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಸೇವೆಯ ಖಾತೆಯಲ್ಲಿ ಚಂದಾ ರದ್ದು ಮಾಡಬೇಕು, ಜತೆಗೆ ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲೋ ಬ್ಯಾಂಕ್ ಕಾರ್ಡ್‌ನ ಪುಟದಲ್ಲೋ ಇರುವ ಒಪ್ಪಿಗೆಯನ್ನೂ ತೆಗೆಯಬೇಕು. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಆ ಸಂದೇಶದಿಂದಲೇ ಕಡಿತ ನಿಲ್ಲಿಸಲು ಅವಕಾಶವಿರಬೇಕು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಪುಟಗಳನ್ನು ಕಟ್ಟುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ರದ್ದತಿಯ ಗುಂಡಿ ಸಿಗದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.