ನಿಧಾನವಾಗಿ ಹಾರಲು ಹೆಚ್ಚು ಪವರ್ ಬೇಕೇ?

ಕಾಮರ್ಸ್ ಹುಡುಗಿಗೆ ವಿಮಾನದ ವಿಷಯ ಯಾಕೆ ಎಂದು ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ಕಾರಣವಿದೆ. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಚಿನ್ನದ ಬಳೆ ಮಾರಿ ಮಗನನ್ನು ಪೈಲಟ್ ತರಬೇತಿಗೆ ಸೇರಿಸಿದ್ದಾರೆ. ಭಾಯಿಜಾನ್ ರಜೆಗೆ ಬಂದಾಗ ತಮ್ಮ ನೋಟ್‌ಬುಕ್ ನನ್ನ ಕೈಗೆ ಕೊಟ್ಟು ‘ಪ್ರಶ್ನೆ ಕೇಳು’ ಅನ್ನುತ್ತಾರೆ.

ಅವರು ಕಲಿಯುತ್ತಿರುವುದು ಸೆಸ್ನಾ 172ಎಸ್ ವಿಮಾನದಲ್ಲಿ. ನಾಲ್ಕು ಸೀಟು, ಒಂದೇ ಇಂಜಿನ್, 180 ಅಶ್ವಶಕ್ತಿ. ಎಷ್ಟು ಪವರ್ ಇಟ್ಟಿದ್ದೇವೆ ಎಂದು ತಿಳಿಯಲು ಆರ್‌ಪಿಎಂ, ಅಂದರೆ ಪ್ರೊಪೆಲ್ಲರ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂದು ನೋಡಬೇಕು. ಗರಿಷ್ಠ 2700. ನೋಟ್‌ಬುಕ್‌ನಲ್ಲಿ ಕೆಳಗಿಳಿಯಲು 1500, ನೇರ ಹಾರಲು 2300, 45 ಡಿಗ್ರಿ ವಾಲಿ ತಿರುಗುವಾಗ ಇನ್ನೊಂದು 100 ಜಾಸ್ತಿ ಎಂದಿತ್ತು. ಹಾಗೆ ವಾಲಿ ಎತ್ತರ ಬಿಡದೆ ತಿರುಗಿದರೆ ರೆಕ್ಕೆಗಳು ತೂಕದ 1.4 ಪಟ್ಟು ಹೊರಬೇಕು, ಗಾಳಿಯ ಎಳೆತವೂ ಹೆಚ್ಚುತ್ತದೆ. ಇಷ್ಟು ಸುಲಭವಾಗಿ ಅರ್ಥವಾಯಿತು.

ಅರ್ಥವಾಗದ್ದು ‘ಸ್ಲೋ ಫ್ಲೈಟ್’. ವೇಗ ಇಳಿಸಲು ಮೊದಲು 1500ಕ್ಕೆ ತರಬೇಕು, ಫ್ಲ್ಯಾಪ್ ಬಿಡಬೇಕು, ವೇಗ ಸಾಕಷ್ಟು ಇಳಿದ ಮೇಲೆ ಪುನಃ 2000ದ ಆಸುಪಾಸಿಗೆ ಏರಿಸಬೇಕು! ‘ಬರೆಯುವಾಗ ತಪ್ಪಾಗಿದೆ, ಭಾಯಿಜಾನ್’ ಅಂದೆ. ಅವರು ಒಂದು ಗೆರೆ ಎಳೆದು ತೋರಿಸಿದರು. ನೋಡಿದರೆ ನಮ್ಮ ಅರ್ಥಶಾಸ್ತ್ರದ ಸರಾಸರಿ ವೆಚ್ಚದ ರೇಖೆ, ಅದೇ ‘ಯು’ ಆಕಾರ.

ಗಾಳಿಯ ಎಳೆತ ಎರಡು ಬಗೆ. ಒಂದು, ವಿಮಾನದ ಮೈ ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಆಗುವುದು. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟು. ಇನ್ನೊಂದು, ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆ ತೆರುವ ಬೆಲೆ. ನಿಧಾನವಾದಷ್ಟೂ ಮೂಗು ಮೇಲೆತ್ತಿ ಹಾರಬೇಕು, ಈ ಎಳೆತ ಜಾಸ್ತಿಯಾಗುತ್ತದೆ. ಕಡಿಮೆ ಮಾಲು ತಯಾರಿಸಿದರೆ ಒಂದೊಂದರ ಮೇಲೂ ಸ್ಥಿರ ವೆಚ್ಚದ ಹೊರೆ ಹೆಚ್ಚುವ ಹಾಗೆ. ಎರಡೂ ಕೂಡಿದ ರೇಖೆಯ ತಳ ಈ ವಿಮಾನದಲ್ಲಿ, ಪೂರ್ತಿ ತೂಕದಲ್ಲಿ, ಫ್ಲ್ಯಾಪ್ ಇಲ್ಲದೆ, ಹೆಚ್ಚುಕಡಿಮೆ 68 ನಾಟ್. ಅದಕ್ಕಿಂತ ತುಂಬಾ ನಿಧಾನವಾದರೆ ಪವರ್ ಜಾಸ್ತಿ ಬೇಕು.

ಭಾಯಿಜಾನ್ ಇದನ್ನು ಬಾಯಿಪಾಠ ಮಾಡಿದ್ದರು, ಮಾಡುವಾಗ ಮರೆತರು. ಪವರ್ ಇಳಿಸಿದವರು ಮತ್ತೆ ಏರಿಸಲಿಲ್ಲ. ವಿಮಾನ 200 ಅಡಿ ಇಳಿಯಿತು. ಗಾಬರಿಯಲ್ಲಿ ಮೂಗು ಮೇಲೆಳೆದರು, ವೇಗ ಇನ್ನೂ ಕುಸಿದು ಸ್ಟಾಲ್ ಎಚ್ಚರಿಕೆಯ ಸದ್ದು ಶುರುವಾಯಿತು. ಸ್ಟಾಲ್ ಎಂದರೆ ರೆಕ್ಕೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವುದು. ಪಕ್ಕದ ಶಿಕ್ಷಕರು ಮೂಗು ತಗ್ಗಿಸಿ ಪವರ್ ಕೊಟ್ಟರು. ಸಾಕಷ್ಟು ಎತ್ತರವಿತ್ತು, ಅಲ್ಲಾಹನ ದಯೆ. ಇಂಥ ಅಭ್ಯಾಸ ಎತ್ತರದಲ್ಲೇ ಮಾಡಿಸುವುದು ಅದಕ್ಕೇ. ರನ್‌ವೇ ಹತ್ತಿರ 300 ಅಡಿಯಲ್ಲಿ ಇದೇ ತಪ್ಪಾದರೆ ಕೆಳಗೆ ಜಾಗವಿರುವುದಿಲ್ಲ. ಪಾಠ ಮತ್ತೊಮ್ಮೆ ಹಾರಬೇಕಾಯಿತು. ಒಂದು ಗಂಟೆಗೆ ಸಾವಿರಾರು ರೂಪಾಯಿ. ನನಗೆ ಖಾಲಾರ ಬಳೆ ನೆನಪಾಯಿತು, ಬಾಯಿ ಬಿಡಲಿಲ್ಲ.

‘2000 ಇಟ್ಟರೆ ಸಾಕಿತ್ತಲ್ಲವೇ?’ ಎಂದು ಕೇಳಿದೆ. ಸಾಕಾಗದೆಯೂ ಇರಬಹುದಂತೆ. ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತರೆ ತೂಕ ಬದಲಾಗುತ್ತದೆ. ಮೊದಲು ಪಟ್ಟಿಯ ಅಂಕಿ ಇಟ್ಟು, ಎತ್ತರ ಮತ್ತು ವೇಗದ ಮುಳ್ಳು ನೋಡಿ, ಐವತ್ತೋ ನೂರೋ ಹೆಚ್ಚುಕಡಿಮೆ ಮಾಡಬೇಕು.

ಈ ಸಲ ಅವರು ಹೊರಡುವ ಮುಂಚೆ ನೋಟ್‌ಬುಕ್ ತೆರೆದು ನೋಡಿದೆ. ಪ್ರತಿ ಅಂಕಿಯ ಪಕ್ಕ ಉರ್ದುವಿನಲ್ಲಿ ‘ತಖ್ರೀಬನ್’, ಅಂದರೆ ‘ಸುಮಾರು’ ಎಂದು ಬರೆದುಕೊಂಡಿದ್ದರು.