ಕಳೆ ಔಷಧಿಯ ಲೆಕ್ಕ ಬರೆದಿಡಿ

ಮದ್ದೂರು, ಮಳವಳ್ಳಿ ಕಡೆ ಕಬ್ಬಿಗೋ ಬದುವಿಗೋ ಕಳೆ ಔಷಧಿ ಹೊಡೆಯುವವರಿಗೆ ಒಳಗೊಳಗೇ ಒಂದು ಅಳುಕು: ಇದರಿಂದ ಕ್ಯಾನ್ಸರ್ ಬರುತ್ತಾ? ಒಂದೇ ಮಾತಲ್ಲಿ ಹೌದು, ಇಲ್ಲ ಅನ್ನುವವರನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟ್ ಎಂಬ ಕಳೆ ಔಷಧಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತು. ಅಮೆರಿಕದಲ್ಲಿ 54 ಸಾವಿರಕ್ಕೂ ಹೆಚ್ಚು ಸಿಂಪಡಣೆದಾರರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ, 2018ರಲ್ಲಿ, ಒಟ್ಟಾರೆ ಗ್ಲೈಫೋಸೇಟಿಗೂ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂದಿತು. ಆದರೆ ಅಲ್ಲಿ ಹೊಡೆಯುವುದು ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ. ನಮ್ಮಲ್ಲಿ ಬೆನ್ನ ಮೇಲೆ ಟ್ಯಾಂಕು, ಗದ್ದೆಯೊಳಗೆ ಬರಿಗಾಲು.

ಕಾಯಿಲೆ ಬಂದ ಮೇಲೆ ಹಿಂದಿನದನ್ನು ಕೇಳಿ ಮಾಡುವ ಅಧ್ಯಯನಗಳು ಎಡವುವುದು ನೆನಪಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಏನು ಹೊಡೆದಿರಿ ಎಂದರೆ ಕಾಯಿಲೆ ಬಿದ್ದವರು ಕೆದಕಿ ಕೆದಕಿ ಹೇಳುತ್ತಾರೆ, ಗಟ್ಟಿಮುಟ್ಟಾಗಿರುವವರು ಮರೆತಿರುತ್ತಾರೆ. ಅದಕ್ಕೇ ಗೊಬ್ಬರದಂಗಡಿಯ ಬಿಲ್ಲನ್ನು ಪಹಣಿ ಜೊತೆಗೇ ಇಡಿ. ತಾರೀಖು, ಔಷಧಿ ಹೆಸರು, ಎಷ್ಟು ಟ್ಯಾಂಕು, ಹೊಡೆದವರು ಯಾರು ಅಂತ ಒಂದು ಪುಸ್ತಕದಲ್ಲಿ ಸಾಲು ಗೀಚಿ. ಕೂಲಿಯವರ ಹೆಸರನ್ನು ಬಿಡಬೇಡಿ. ಹೆಚ್ಚು ಮೈಗೆ ಬೀಳುವುದು ಅವರಿಗೇ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ, ಕಸುಬು ಕೇಳಿದಾಗ ‘ಬೇಸಾಯ’ ಅಂದು ಸುಮ್ಮನಾಗದೆ ಆ ಪುಸ್ತಕ ತೋರಿಸಿ.

ಸೋರುವ ಟ್ಯಾಂಕನ್ನು ಮಾತ್ರ ಯಾವ ಅಧ್ಯಯನಕ್ಕೂ ಕಾಯದೆ ಈ ವಾರವೇ ರಿಪೇರಿ ಮಾಡಿಸಿ.