ಲಡಾಖ್‌ಗೆ ಹೊರಡುವ ಮುನ್ನ ಬೈಕನ್ನು ಅಣಿಗೊಳಿಸುವುದು ಹೇಗೆ?

ಲಡಾಖ್ ಪ್ರವಾಸ ನಿಶ್ಚಯವಾಯಿತೆಂದರೆ ಅನೇಕರು ಮೊದಲು ಓಡುವುದು ಬೆಂಗಳೂರಿನ ಜೆ.ಸಿ. ರಸ್ತೆಗೆ, ಫಾಗ್ ಲ್ಯಾಂಪು, ಲಗೇಜ್ ಕ್ಯಾರಿಯರ್ ಕೊಳ್ಳಲು. ಆ ದುಡ್ಡು ಮೊದಲು ಟೈರು, ಚೈನು, ಬ್ರೇಕ್ ಪ್ಯಾಡುಗಳಿಗೆ ಹೋಗಲಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಸಲಹೆಗಳನ್ನು ಕೊಟ್ಟಿದ್ದೇನೆ. ಎಕ್ಸ್‌ಪಲ್ಸ್ 200 ಬೈಕಿಗೂ ಬಹುಪಾಲು ಹೊಂದುತ್ತವೆ.

ತಿಂಗಳ ಮೊದಲೇ ಸರ್ವಿಸ್: ಎಂಜಿನ್ ಆಯಿಲ್, ಏರ್ ಫಿಲ್ಟರ್ ಹೊಸದಾಗಲಿ. ಚೈನ್ ಸವೆದಿದ್ದರೆ ಸ್ಪ್ರಾಕೆಟ್ ಸಮೇತ ಬದಲಿಸಿ. ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸಬೇಡಿ. ಸಡಿಲ ಬಿಟ್ಟ ಬೋಲ್ಟು ಗೊತ್ತಾಗುವುದು ಓಡಿಸಿದ ಮೇಲೆಯೇ. ಹೇರುವಷ್ಟೂ ಲಗೇಜು ಹೇರಿಕೊಂಡು ಸಕಲೇಶಪುರದ ಕಡೆಗೊಮ್ಮೆ ಹೋಗಿ ಬನ್ನಿ. ಬ್ಯಾಗು ಸೈಲೆನ್ಸರಿಗೆ ತಾಗುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಪಂಕ್ಚರ್ ಹಾಕಲು ಕಲಿಯಿರಿ: ಎಲ್ಲಕ್ಕಿಂತ ಮುಖ್ಯ ಇದು. ಸ್ಪೋಕ್ ಚಕ್ರದ ಈ ಬೈಕಿನ ಟೈರಿನೊಳಗೆ ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಚುಚ್ಚುವ ಪಂಕ್ಚರ್ ಕಿಟ್ ಇಲ್ಲಿ ಉಪಯೋಗಕ್ಕಿಲ್ಲ. ಮುಂದಿನದು 21 ಇಂಚಿನ ಚಕ್ರ. ಅದರ ಟ್ಯೂಬು ದಾರಿಬದಿಯ ಅಂಗಡಿಯಲ್ಲಿ ಸಿಗುವುದು ಅನುಮಾನ. ಒಂದೇ ಟ್ಯೂಬಿಗೆ ಜಾಗವಿದ್ದರೆ ಅದನ್ನೇ ಒಯ್ಯಿರಿ, ಆಪತ್ತಿಗೆ ಹಿಂದಿನ ಚಕ್ರಕ್ಕೂ ಹೇಗೋ ತುರುಕಬಹುದು. ಜೊತೆಗೆ ಎರಡು ಟೈರ್ ಲಿವರ್, ಪ್ಯಾಚು, ಗಾಳಿ ಪಂಪು, ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರ್. ಚಕ್ರ ಕಳಚಿ, ಟ್ಯೂಬು ಹಾಕಿ, ಮತ್ತೆ ಜೋಡಿಸುವುದನ್ನು ಮನೆಯಂಗಳದಲ್ಲಿ ಒಮ್ಮೆಯಾದರೂ ನಿಮ್ಮ ಕೈಯಾರೆ ಮಾಡಿ. ಮೆಕ್ಯಾನಿಕ್ ಮಾಡುವುದನ್ನು ನೋಡಿದರೆ ಸಾಲದು.

ಕ್ಲಚ್: ಮನಾಲಿಯಿಂದ ಲೇಹ್‌ಗೆ ಹೋಗುವಾಗ ದಾಟುವ ಬಾರಾಲಾಚಾ ಕಣಿವೆದಾರಿಯ ಎತ್ತರದಲ್ಲಿ ಗಾಳಿ ತೆಳು, ಎಂಜಿನ್ ಬಸವಳಿಯುತ್ತದೆ. ಏರು ಹತ್ತಿಸಲು ಅರ್ಧ ಕ್ಲಚ್ ಹಿಡಿದೇ ಹೋದರೆ ಪ್ಲೇಟು ಸುಟ್ಟೀತು. ಮೊದಲನೇ ಗೇರಿನಲ್ಲಿ ನಿಧಾನವಾಗಿ ಏರಿ. ಹೊಸ ಕ್ಲಚ್ ಕೇಬಲ್ಲೊಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಟ್ಟರೆ, ತುಂಡಾದಾಗ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ತುದಿಗಳನ್ನು ಸಿಕ್ಕಿಸಿದರಾಯಿತು.

ಪೆಟ್ರೋಲ್: ಮನಾಲಿ–ಲೇಹ್ ಹಾದಿಯಲ್ಲಿ ತಾಂಡಿಯ ಬಂಕ್ ಹೆಸರುವಾಸಿ. ಮುಂದಿನ ಬಂಕ್ 365 ಕಿ.ಮೀ. ದೂರವೆಂದು ಅಲ್ಲಿನ ಬೋರ್ಡು ಎಚ್ಚರಿಸುತ್ತದೆ. 15 ಲೀಟರಿನ ಟ್ಯಾಂಕ್ ತುಂಬಿದ್ದರೆ ಲೆಕ್ಕಕ್ಕೆ ಸಾಕು. ಆದರೆ ಏರು ರಸ್ತೆ, ಎದುರುಗಾಳಿ ಲೆಕ್ಕ ಕೇಳುವುದಿಲ್ಲ. ಐದು ಲೀಟರ್ ಹೆಚ್ಚಿಗೆ ಇರಲಿ. ಆ ಪೆಟ್ರೋಲೂ ಸೇರಿದಂತೆ ಲಗೇಜಿನ ಭಾರವನ್ನೆಲ್ಲ ಆದಷ್ಟು ಕೆಳಗೆ, ಎರಡೂ ಬದಿಗೆ ಸಮನಾಗಿ ಕಟ್ಟಿ.

ರೈಲಿನಲ್ಲಿ ಕಳಿಸುವುದಾದರೆ: ದೆಹಲಿಯವರೆಗೆ ಪಾರ್ಸೆಲ್ ಮಾಡುವವರೂ ಇದ್ದಾರೆ, ರಜೆ ಕಡಿಮೆಯಿದ್ದವರಿಗೆ ಅದೇ ಲೇಸು. ಆರ್‌ಸಿ, ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಕನ್ನಡಿಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸುತ್ತಾರೆ. ಹಾಗಾಗಿ ದೆಹಲಿಯಲ್ಲಿ ಇಳಿಸಿಕೊಂಡ ಮೇಲೆ ಹತ್ತಿರದ ಬಂಕ್‌ವರೆಗೆ ತಳ್ಳಲೇಬೇಕು. ಲಗೇಜನ್ನು ಅಲ್ಲಿಯವರೆಗೆ ಆಟೋದಲ್ಲಿ ಹಾಕಿ.